ನೋಟಿಫಿಕೇಶನ್ ಯಾರ ಕೈ ದಾಟಿ ಬರುತ್ತದೆ? ಸರ್ಕಾರದ ಕಣ್ಣಿನಿಂದ ದೂರ ಇರಲು ಯಾವ ದಾರಿ ಯಾರಿಗೆ ಒಳ್ಳೆಯದು

ಫೋನು ಸದ್ದು ಮಾಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಬಂದಿದೆ. ಈ ಸೂಚನೆ ವಾಟ್ಸ್‌ಆ್ಯಪ್ ಕಂಪನಿಯಿಂದ ನೇರವಾಗಿ ನಮ್ಮ ಫೋನಿಗೆ ಬಂತು ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಹಾಗೆ ಬರುವುದಿಲ್ಲ. ಆಂಡ್ರಾಯ್ಡ್ ಫೋನಾದರೆ ಅದು ಗೂಗಲ್‌ನ ಸರ್ವರ್ ಹಾದು ಬರುತ್ತದೆ. ಐಫೋನಾದರೆ ಆ್ಯಪಲ್‌ನ ಸರ್ವರ್ ಹಾದು ಬರುತ್ತದೆ. ಬ್ಯಾಂಕು, ಇಮೇಲ್, ಸುದ್ದಿ, ಮದುವೆ ಸಂಬಂಧ ಹುಡುಕುವ ಆ್ಯಪ್, ಡಾಕ್ಟರ್ ಅಪಾಯಿಂಟ್‌ಮೆಂಟ್ ಆ್ಯಪ್, ಬಹುತೇಕ ಎಲ್ಲಕ್ಕೂ ಇದೇ ದಾರಿ.

ಹೀಗೆ ಮಾಡಿದ್ದಕ್ಕೆ ಕಾರಣವಿದೆ. ಪ್ರತಿ ಆ್ಯಪ್ ತನ್ನದೇ ಸರ್ವರ್ ಜೊತೆ ಸದಾ ಸಂಪರ್ಕ ಇಟ್ಟುಕೊಂಡರೆ ಫೋನಿನ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಅದಕ್ಕೇ ಆ್ಯಪಲ್ 2009ರಲ್ಲಿ, ಗೂಗಲ್ 2010ರಲ್ಲಿ ಎಲ್ಲ ಆ್ಯಪ್‌ಗಳಿಗೂ ಸೇರಿ ಒಂದೇ ದಾರಿ ಮಾಡಿಕೊಟ್ಟವು. ಬ್ಯಾಟರಿ ಉಳಿಯಿತು. ಆದರೆ ಯಾವ ಫೋನಿಗೆ, ಯಾವ ಆ್ಯಪ್‌ನಿಂದ, ಎಷ್ಟು ಹೊತ್ತಿಗೆ ಸೂಚನೆ ಹೋಯಿತು ಎನ್ನುವ ಮಾಹಿತಿ ಎರಡೇ ಕಂಪನಿಗಳ ಕೈಗೆ ಬಂತು.

ಈ ಮಾಹಿತಿಯನ್ನು ಸರ್ಕಾರಗಳು ಕೇಳಿ ಪಡೆಯುತ್ತಿವೆ ಎನ್ನುವುದು ಹೊರಗೆ ಬಂದದ್ದು 2023ರ ಡಿಸೆಂಬರ್ 6ರಂದು. ಅಮೆರಿಕದ ಆರೆಗನ್ ರಾಜ್ಯದ ಸೆನೆಟರ್ ರಾನ್ ವೈಡನ್ ಅವರು ಅಲ್ಲಿನ ಅಟಾರ್ನಿ ಜನರಲ್‌ಗೆ ಒಂದು ಪತ್ರ ಬರೆದರು. ಬೇರೆ ದೇಶಗಳ ಸರ್ಕಾರಗಳು ಗೂಗಲ್ ಮತ್ತು ಆ್ಯಪಲ್‌ನಿಂದ ನೋಟಿಫಿಕೇಶನ್ ದಾಖಲೆ ಕೇಳುತ್ತಿವೆ ಎಂಬ ಸುಳಿವು ಅವರ ಕಚೇರಿಗೆ 2022ರಲ್ಲೇ ಸಿಕ್ಕಿತ್ತು. ವಿಚಾರಿಸಿದರೆ, ಈ ಬಗ್ಗೆ ಬಾಯಿ ಬಿಡದಂತೆ ಅಮೆರಿಕದ ಸರ್ಕಾರವೇ ತಡೆದಿದೆ ಎನ್ನುವ ಉತ್ತರ ಕಂಪನಿಗಳಿಂದ ಬಂತು. ವೈಡನ್ ತಮ್ಮ ಪತ್ರದಲ್ಲಿ ಗೂಗಲ್, ಆ್ಯಪಲ್ ಎರಡನ್ನೂ ಡಿಜಿಟಲ್ ಅಂಚೆ ಕಚೇರಿಗೆ ಹೋಲಿಸಿದ್ದರು. ಸರಿಯಾದ ಹೋಲಿಕೆ. ಲಕೋಟೆಯ ಒಳಗಿನ ಪತ್ರ ಓದಲಾಗದಿದ್ದರೂ, ಯಾರಿಗೆ ಯಾವಾಗ ಲಕೋಟೆ ಬಂತು ಎನ್ನುವುದು ಅಂಚೆಯವರಿಗೆ ಗೊತ್ತಿರುತ್ತದೆ.

ಪತ್ರ ಬಹಿರಂಗವಾದ ಕೆಲವೇ ದಿನಗಳಲ್ಲಿ ಆ್ಯಪಲ್ ತನ್ನ ನಿಯಮ ಬದಲಿಸಿತು. ಮೊದಲು ಅಮೆರಿಕದ ಪೊಲೀಸರಿಗೆ ಈ ಮಾಹಿತಿ ಪಡೆಯಲು ಜಡ್ಜ್ ಸಹಿ ಇಲ್ಲದ ಸಮನ್ಸ್ ಸಾಕಿತ್ತು. ಈಗ ಕೋರ್ಟ್ ಆದೇಶ ಅಥವಾ ವಾರಂಟ್ ಬೇಕು. ಗೂಗಲ್ ಮೊದಲಿನಿಂದಲೂ ಕೋರ್ಟ್ ಆದೇಶ ಕೇಳುತ್ತಿತ್ತು.

ಎರಡು ಸೋರಿಕೆಗಳು, ಎರಡಕ್ಕೂ ಬೇರೆ ಬೇರೆ ಮದ್ದು

ಆಯ್ಕೆಗಳನ್ನು ಹೋಲಿಸುವ ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ನೋಟಿಫಿಕೇಶನ್‌ನಿಂದ ಎರಡು ಬಗೆಯ ಮಾಹಿತಿ ಸೋರುತ್ತದೆ. ಒಂದು, ಒಳಗಿನ ಮಾತು. "ನಾಳೆ 10 ಗಂಟೆಗೆ ಡಿಸಿ ಆಫೀಸ್ ಮುಂದೆ ಸೇರೋಣ" ಎನ್ನುವ ಸಾಲು. ಇನ್ನೊಂದು, ಬಂದುಹೋದ ದಾಖಲೆ. ಯಾವ ಆ್ಯಪ್, ಯಾವ ಫೋನು, ಯಾವ ಸಮಯ. ಜನ ಮೊದಲನೆಯದಕ್ಕೆ ಹೆದರುತ್ತಾರೆ. ಸರ್ಕಾರಕ್ಕೆ ಸುಲಭವಾಗಿ ಸಿಗುವುದು ಎರಡನೆಯದು.

ದಾಖಲೆಯಿಂದ ಏನು ಮಾಡಲು ಸಾಧ್ಯ? ಒಂದು ನಿಜವಾದ ಪ್ರಕರಣ ನೋಡಿ. ಟೆಲಿಗಾರ್ಡ್ ಎನ್ನುವುದು ಸ್ವಿಟ್ಜರ್ಲೆಂಡಿನ ಮೆಸೇಜಿಂಗ್ ಆ್ಯಪ್. ಗುಟ್ಟು ಕಾಪಾಡುವುದೇ ಅದರ ಹೆಗ್ಗಳಿಕೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳ ಪ್ರಕರಣ ಒಂದರಲ್ಲಿ ತನಿಖಾಧಿಕಾರಿಗಳು ಆ ಕಂಪನಿಯಿಂದ ಒಬ್ಬ ಬಳಕೆದಾರನ ಪುಶ್ ಟೋಕನ್ ಪಡೆದರು. ಪುಶ್ ಟೋಕನ್ ಅಂದರೆ ಒಂದು ಫೋನಿನಲ್ಲಿರುವ ಒಂದು ಆ್ಯಪ್‌ಗೆ ಗೂಗಲ್ ಅಥವಾ ಆ್ಯಪಲ್ ಕೊಡುವ ಉದ್ದನೆಯ ಗುರುತಿನ ಸಂಖ್ಯೆ. ಅದರಲ್ಲಿ ಹೆಸರಿಲ್ಲ, ನಂಬರ್ ಇಲ್ಲ. ಆ ಟೋಕನ್ ಹಿಡಿದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಗೂಗಲ್ ಬಳಿ ಹೋಯಿತು. ಗೂಗಲ್ ಅದಕ್ಕೆ ಜೋಡಿಸಿದ್ದ ಇಮೇಲ್ ವಿಳಾಸಗಳನ್ನು ಕೊಟ್ಟಿತು. ಆರೋಪಿ ಸಿಕ್ಕಿದ. ಇದನ್ನು 2024ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ವರದಿ ಮಾಡಿತು. ಪುಶ್ ಟೋಕನ್ ಕೇಳಿದ 130ಕ್ಕೂ ಹೆಚ್ಚು ವಾರಂಟ್ ಮತ್ತು ಕೋರ್ಟ್ ಆದೇಶಗಳನ್ನು ಆ ಪತ್ರಿಕೆ ಕಂಡುಹಿಡಿದಿತ್ತು.

ಆ ಆರೋಪಿ ಸಿಕ್ಕಿದ್ದು ಒಳ್ಳೆಯದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಇದೇ ದಾರಿಯಲ್ಲಿ ಪತ್ರಕರ್ತರಿಗೆ ಸುದ್ದಿ ಕೊಟ್ಟ ನೌಕರನೂ ಸಿಗುತ್ತಾನೆ, ಮರಳು ದಂಧೆಯ ಬಗ್ಗೆ ದೂರು ಕೊಟ್ಟವನೂ ಸಿಗುತ್ತಾನೆ. ಯಂತ್ರಕ್ಕೆ ಇಬ್ಬರ ನಡುವೆ ವ್ಯತ್ಯಾಸ ಗೊತ್ತಿಲ್ಲ. ಇಲ್ಲಿ ಮೆಸೇಜ್‌ನ ಒಂದು ಅಕ್ಷರವನ್ನೂ ಯಾರೂ ಓದಲಿಲ್ಲ ಎನ್ನುವುದನ್ನು ಗಮನಿಸಿ. ಎನ್‌ಕ್ರಿಪ್ಶನ್, ಅಂದರೆ ಬೇರೆಯವರು ಓದಲಾಗದಂತೆ ಮಾತಿಗೆ ಹಾಕುವ ಬೀಗ, ಅದನ್ನು ಒಡೆಯುವ ಅಗತ್ಯವೇ ಬೀಳಲಿಲ್ಲ.

ನಮ್ಮ ದೇಶದಲ್ಲಿ ಈ ಸರಪಳಿ ಇನ್ನೂ ಚಿಕ್ಕದು. ಟೋಕನ್‌ನಿಂದ ಗೂಗಲ್ ಖಾತೆ. ಗೂಗಲ್ ಖಾತೆಯಿಂದ ಮೊಬೈಲ್ ನಂಬರ್. ಮೊಬೈಲ್ ನಂಬರ್‌ನಿಂದ ಕೆವೈಸಿ ಕೊಟ್ಟ ಹೆಸರು, ವಿಳಾಸ, ಫೋಟೊ. ಸಿಮ್ ಕೊಳ್ಳುವಾಗ ನಾವೇ ಕೊಟ್ಟದ್ದು ಅಲ್ವಾ.

ನಮ್ಮ ಕಾನೂನು ಎಲ್ಲಿ ನಿಂತಿದೆ

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನಲ್ಲಿ ಅವರು ದೇಶಕ್ಕೆಲ್ಲ ಕೊಡಿಸಿದ ಹಕ್ಕು ಇದು. ನಮಗೆ ಹೆಮ್ಮೆಯ ವಿಷಯ.

ಹಕ್ಕಿದೆ, ಆದರೆ ಅದರ ಪಕ್ಕದಲ್ಲೇ ದೊಡ್ಡ ಬಾಗಿಲುಗಳೂ ಇವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಕಂಪ್ಯೂಟರ್ ಮತ್ತು ಫೋನಿನ ಮಾಹಿತಿಯನ್ನು ಕದ್ದಾಲಿಸಲು, ಗಮನಿಸಲು, ಎನ್‌ಕ್ರಿಪ್ಶನ್ ಬಿಡಿಸಲು ಸರ್ಕಾರ ಆದೇಶ ಕೊಡಬಹುದು. 2018ರ ಡಿಸೆಂಬರ್ 20ರಂದು ಕೇಂದ್ರ ಗೃಹ ಸಚಿವಾಲಯ 10 ಸಂಸ್ಥೆಗಳಿಗೆ ಈ ಅಧಿಕಾರ ಕೊಟ್ಟಿತು. ಈ ಆದೇಶಕ್ಕೆ ಗೃಹ ಕಾರ್ಯದರ್ಶಿಯ ಒಪ್ಪಿಗೆ ಸಾಕು, ನ್ಯಾಯಾಧೀಶರ ಸಹಿ ಬೇಕಿಲ್ಲ. ನನ್ನ ಮಟ್ಟಿಗೆ ಇದೇ ಅತಿ ದೊಡ್ಡ ಕೊರತೆ. ಇನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಪ್ರಕಾರ ತನಿಖೆಗೆ ಬೇಕಾದ ದಾಖಲೆಗಳನ್ನು ಠಾಣೆಯ ಅಧಿಕಾರಿಯೇ ಬರವಣಿಗೆಯಲ್ಲಿ ಕೇಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ 17ನೇ ಸೆಕ್ಷನ್, ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣ ಕೊಟ್ಟು ಸರ್ಕಾರದ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಡಲು ಅವಕಾಶ ಮಾಡಿಕೊಟ್ಟಿದೆ.

ಗೂಗಲ್ ಮತ್ತು ಆ್ಯಪಲ್ ಅಮೆರಿಕದ ಕಂಪನಿಗಳು. ಒಳಗಿನ ಮಾತನ್ನು ಬೇರೆ ದೇಶದ ಸರ್ಕಾರಕ್ಕೆ ನೇರವಾಗಿ ಕೊಡಲು ಅಮೆರಿಕದ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಎರಡು ದೇಶಗಳ ನಡುವಿನ ಒಪ್ಪಂದದ ಮೂಲಕ, ಅಲ್ಲಿನ ಕೋರ್ಟ್ ಮುಖಾಂತರ ಬರಬೇಕು. ಅದು ನಿಧಾನದ ಕೆಲಸ. ಆದರೆ ಖಾತೆ ಯಾರದು, ಇಮೇಲ್ ಯಾವುದು ಎನ್ನುವಂಥ ದಾಖಲೆ ಕೊಡಲು ಆ ತಡೆ ಇಲ್ಲ. ಕಂಪನಿ ಒಪ್ಪಿದರೆ ನೇರವಾಗಿ ಕೊಡಬಹುದು. ಅದಕ್ಕೇ ಹೇಳಿದ್ದು, ಬಂದುಹೋದ ದಾಖಲೆಯ ಬಗ್ಗೆ ನಮ್ಮಲ್ಲಿ ಜಾಸ್ತಿ ಯೋಚನೆ ಮಾಡಬೇಕು ಅಂತ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಲೆಕ್ಕ ಬೇರೆ. ಅಲ್ಲಿನ ಪೊಲೀಸರು ಕೋರ್ಟ್ ಆದೇಶ ತಂದರೆ ಸಾಕು, ಎರಡು ದೇಶಗಳ ಒಪ್ಪಂದದ ಸುತ್ತುದಾರಿ ಇಲ್ಲ.

ಈಗ ಆಯ್ಕೆಗಳಿಗೆ ಬರೋಣ.

ಲಾಕ್ ಸ್ಕ್ರೀನಿನಲ್ಲಿ ಮಾತು ಕಾಣದಂತೆ ಮಾಡುವುದು

ಎಲ್ಲರೂ ಮೊದಲು ಹೇಳುವ ಸಲಹೆ ಇದು. ಐಫೋನಿನಲ್ಲಿ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್, ಶೋ ಪ್ರಿವ್ಯೂಸ್ ಒಳಗೆ ಹೋಗಿ 'ವೆನ್ ಅನ್‌ಲಾಕ್ಡ್' ಅಥವಾ 'ನೆವರ್' ಆರಿಸುವುದು. ಆಂಡ್ರಾಯ್ಡ್‌ನಲ್ಲಿ ಲಾಕ್ ಸ್ಕ್ರೀನಿನ ಸೆನ್ಸಿಟಿವ್ ನೋಟಿಫಿಕೇಶನ್ಸ್ ಆಫ್ ಮಾಡುವುದು.

ಮಾಡಿ, ಖಂಡಿತ ಮಾಡಿ. ಆದರೆ ಇದು ಗೂಗಲ್ ಅಥವಾ ಆ್ಯಪಲ್ ಸರ್ವರ್‌ನಲ್ಲಿ ಉಳಿಯುವ ದಾಖಲೆಯನ್ನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಇದು ಕಾಪಾಡುವುದು ಪಕ್ಕದಲ್ಲಿ ಕೂತವರಿಂದ, ಮನೆಯಲ್ಲಿ ಫೋನು ಎತ್ತಿ ನೋಡುವವರಿಂದ, ಠಾಣೆಯಲ್ಲಿ ಮೇಜಿನ ಮೇಲೆ ಫೋನು ಇಡಿಸಿಕೊಂಡಾಗ ಅದರ ಮೇಲೆ ಕಣ್ಣಾಡಿಸುವವರಿಂದ. ಒಂದೇ ಫೋನನ್ನು ಮನೆಯವರೆಲ್ಲ ಬಳಸುವ ಕಡೆ, ಹಿಂಸೆ ಅನುಭವಿಸುತ್ತಿರುವ ಹೆಣ್ಣುಮಗಳೊಬ್ಬಳು ಸಹಾಯ ಕೇಳುತ್ತಿರುವಾಗ, ಇದೇ ಎಲ್ಲಕ್ಕಿಂತ ಮುಖ್ಯ ಸೆಟ್ಟಿಂಗ್. ಸರ್ಕಾರದ ಕಣ್ಣಿನ ಮಾತು ಬಂದಾಗ ಮಾತ್ರ ಇದು ಅರ್ಧ ಮದ್ದು.

ಇದರ ಜೊತೆಗೆ ಎರಡು ಕೆಲಸ ಸೇರಿಸಿ. ಆಂಡ್ರಾಯ್ಡ್‌ನಲ್ಲಿ ನೋಟಿಫಿಕೇಶನ್ ಹಿಸ್ಟರಿ ಎನ್ನುವುದಿದೆ. ಅದು ಆನ್ ಆಗಿದ್ದರೆ ಕಳೆದ 24 ಗಂಟೆಯಲ್ಲಿ ಬಂದ ಸೂಚನೆಗಳು ಅಲ್ಲಿ ಸಿಗುತ್ತವೆ. ತಾನಾಗಿ ಅಳಿಸಿಹೋಗುವ ಮೆಸೇಜ್ ಇಟ್ಟುಕೊಂಡು, ಅದೇ ಮೆಸೇಜ್‌ನ ಪ್ರತಿ ಹಿಸ್ಟರಿಯಲ್ಲಿ ಕೂತಿದ್ದರೆ ಏನು ಬಂತು? ಅದನ್ನು ಆಫ್ ಮಾಡಿ.

ಇನ್ನೊಂದು, ನೋಟಿಫಿಕೇಶನ್ ಆ್ಯಕ್ಸೆಸ್. ಇದು ತನ್ನ ಸೂಚನೆ ತೋರಿಸಲು ಆ್ಯಪ್ ಕೇಳುವ ಪರ್ಮಿಷನ್ ಅಲ್ಲ. ಬೇರೆ ಎಲ್ಲ ಆ್ಯಪ್‌ಗಳ ಸೂಚನೆ ಓದಲು ಕೇಳುವ ಪರ್ಮಿಷನ್. ಕಡಿಮೆ ಬೆಲೆಯ ಸ್ಮಾರ್ಟ್ ವಾಚ್ ತಂದಾಗ ಅದರ ಆ್ಯಪ್ ಇದನ್ನು ಕೇಳುತ್ತದೆ, ನಾವು ಸುಮ್ನೆ ಓಕೆ ಒತ್ತುತ್ತೇವೆ. ಅಲ್ಲಿಂದ ಮುಂದೆ ಸಿಗ್ನಲ್ ಎಂಬ ಮೆಸೇಜಿಂಗ್ ಆ್ಯಪ್‌ನ ಮೆಸೇಜ್ ಇರಲಿ, ಬ್ಯಾಂಕಿನ ಮಾಹಿತಿ ಇರಲಿ, ಪರದೆಯ ಮೇಲೆ ಬಂದ ಪ್ರತಿ ಸಾಲನ್ನೂ ಆ ಆ್ಯಪ್ ಓದಬಲ್ಲದು. ಆಂಡ್ರಾಯ್ಡ್ 15ರಿಂದ ಒಟಿಪಿ ಇರುವ ಸೂಚನೆಗಳನ್ನು ಇಂಥ ಆ್ಯಪ್‌ಗಳಿಂದ ಮರೆಮಾಡುವ ಏರ್ಪಾಡು ಬಂದಿದೆ. ಆದರೆ ಒಟಿಪಿ ಅಲ್ಲದ ಮಾತುಗಳಿಗೆ ಆ ರಕ್ಷಣೆ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಈ ಪಟ್ಟಿ ತೆಗೆದು ನೋಡಿ. ಗುರುತು ಸಿಗದ ಹೆಸರು ಕಂಡರೆ ಆಗಲೇ ಆಫ್ ಮಾಡಿ.

ಪರ್ಮಿಷನ್ನೇ ಕೊಡದಿರುವುದು

ಖರ್ಚಿಲ್ಲದ, ಹೆಚ್ಚಿನವರಿಗೆ ಸಾಕಾಗುವ ದಾರಿ ಇದು. ಆಂಡ್ರಾಯ್ಡ್ 13ರಿಂದ, ಐಫೋನಿನಲ್ಲಿ ಅದಕ್ಕಿಂತ ಮೊದಲಿನಿಂದಲೂ, ಆ್ಯಪ್ ನಮ್ಮನ್ನು ಕೇಳಿಯೇ ಸೂಚನೆ ತೋರಿಸಬೇಕು. ಕೇಳಿದಾಗ ಬೇಡ ಅನ್ನಿ. ಆ್ಯಪ್ ತೆರೆದಾಗ ಮಾಹಿತಿ ಹೇಗೂ ಸಿಗುತ್ತದೆ.

ಇಲ್ಲೊಂದು ಮಿತಿ ಇದೆ, ಅದು ಹೆಚ್ಚಿನ ಬರಹಗಳಲ್ಲಿ ಕಾಣುವುದಿಲ್ಲ. ಸೂಚನೆ ಕಾಣಿಸದಂತೆ ಮಾಡುವುದು ಬೇರೆ, ಸೂಚನೆ ಬರದಂತೆ ಮಾಡುವುದು ಬೇರೆ. ಆಂಡ್ರಾಯ್ಡ್‌ನಲ್ಲಿ ಒಂದು ಆ್ಯಪ್‌ನ ನೋಟಿಫಿಕೇಶನ್ ಆಫ್ ಮಾಡಿದರೂ ಅದರ ಟೋಕನ್ ಹಾಗೇ ಇರಬಹುದು. ಪರದೆಯ ಹಿಂದೆ ಪುಶ್, ಅಂದರೆ ಸರ್ವರ್ ಫೋನಿಗೆ ಕಳಿಸುವ ಸೂಚನೆ, ಬರುತ್ತಲೇ ಇರಬಹುದು. ಐಫೋನಿನಲ್ಲೂ ಸದ್ದಿಲ್ಲದ ಪುಶ್ ಕಳಿಸಲು ಆ್ಯಪ್‌ಗಳಿಗೆ ದಾರಿ ಇದೆ. ಹಾಗಾಗಿ ಗುಟ್ಟಾಗಿಯೇ ಇರಬೇಕಾದ ಆ್ಯಪ್ ಆದರೆ ಪರ್ಮಿಷನ್ ತೆಗೆದರೆ ಸಾಲದು. ಬೇಡವಾದಾಗ ಆ್ಯಪ್ ಅನ್ನೇ ತೆಗೆದುಹಾಕಬೇಕು. ತೆಗೆದ ಮೇಲೆ ಹಳೆಯ ಟೋಕನ್ ಕೆಲಸಕ್ಕೆ ಬಾರದ್ದಾಗುತ್ತದೆ. ಆದರೆ ಈಗಾಗಲೇ ದಾಖಲಾದದ್ದನ್ನು ಅಳಿಸುವ ಶಕ್ತಿ ನಮ್ಮ ಕೈಯಲ್ಲಿಲ್ಲ.

ಇದೇ ಕೆಲಸಕ್ಕೆ ಬ್ರೌಸರ್ ಬಳಸುವುದು ಇನ್ನೊಂದು ಒಳ್ಳೆಯ ದಾರಿ. ಆಸ್ಪತ್ರೆ, ಸುದ್ದಿ, ಅಂಗಡಿ, ಇವಕ್ಕೆಲ್ಲ ಆ್ಯಪ್ ಹಾಕಿಕೊಳ್ಳದೆ ವೆಬ್‌ಸೈಟ್ ತೆರೆದರೆ ಟೋಕನ್ನೇ ಹುಟ್ಟುವುದಿಲ್ಲ. ಒಂದು ವೇಳೆ ಬ್ರೌಸರ್‌ನಲ್ಲಿ ಸೂಚನೆಗೆ ಒಪ್ಪಿದರೂ, ವೆಬ್ ಪುಶ್‌ನ ನಿಯಮದ ಪ್ರಕಾರ ಒಳಗಿನ ಮಾತು ವೆಬ್‌ಸೈಟ್‌ನಿಂದ ನಿಮ್ಮ ಬ್ರೌಸರ್ ತನಕ ಎನ್‌ಕ್ರಿಪ್ಟ್ ಆಗಿಯೇ ಬರಬೇಕು. ನಡುವಿನ ಸರ್ವರ್ ಅದನ್ನು ಓದಲಾಗದು. ಆ್ಯಪ್‌ಗಳಿಗೆ ಇಂಥ ಕಡ್ಡಾಯ ಇಲ್ಲ. ಒಳಗಿನ ಮಾತನ್ನು ಎನ್‌ಕ್ರಿಪ್ಟ್ ಮಾಡಿ ಕಳಿಸಬೇಕೋ, ಹಾಗೇ ಕಳಿಸಬೇಕೋ ಎನ್ನುವುದು ಆ್ಯಪ್ ಬರೆದವರ ಇಷ್ಟ. ಎಷ್ಟೋ ಜನ ಹಾಗೇ ಕಳಿಸುತ್ತಾರೆ. ಅಂದರೆ ಈ ಒಂದು ವಿಷಯದಲ್ಲಿ ಸಾಧಾರಣ ವೆಬ್‌ಸೈಟಿನ ಸೂಚನೆ ಅದರದೇ ಆ್ಯಪ್‌ಗಿಂತ ಸುರಕ್ಷಿತವಾಗಿರಬಹುದು.

ಮೆಸೇಜಿಂಗ್ ಆ್ಯಪ್: ಸಿಗ್ನಲ್, ವಾಟ್ಸ್‌ಆ್ಯಪ್, ಟೆಲಿಗ್ರಾಂ

ಈ ಮೂರರಲ್ಲಿ ನೋಟಿಫಿಕೇಶನ್ ವಿಷಯಕ್ಕೆ ಸಿಗ್ನಲ್ ಮುಂದಿದೆ. ಸಿಗ್ನಲ್ ಕಳಿಸುವ ಪುಶ್ ಖಾಲಿ. ಅದರಲ್ಲಿ ಮಾತಿಲ್ಲ, ಕಳಿಸಿದವರ ಹೆಸರಿಲ್ಲ. ಫೋನನ್ನು ಎಬ್ಬಿಸುವುದಷ್ಟೇ ಅದರ ಕೆಲಸ. ಎದ್ದ ಮೇಲೆ ಫೋನಿನಲ್ಲಿರುವ ಆ್ಯಪ್ ನೇರವಾಗಿ ಸಿಗ್ನಲ್ ಸರ್ವರ್‌ಗೆ ಹೋಗಿ ಮೆಸೇಜ್ ತಂದು, ಫೋನಿನೊಳಗೇ ಬಿಡಿಸಿ ತೋರಿಸುತ್ತದೆ. ಗೂಗಲ್‌ಗೆ ಗೊತ್ತಾಗುವುದು 'ಈ ಫೋನಿನಲ್ಲಿ ಸಿಗ್ನಲ್ ಇದೆ, ಇಷ್ಟು ಹೊತ್ತಿಗೆ ಏನೋ ಬಂತು' ಎನ್ನುವುದು ಮಾತ್ರ. 2016ರಲ್ಲಿ ಅಮೆರಿಕದ ಕೋರ್ಟಿನಿಂದ ಸಮನ್ಸ್ ಬಂದಾಗ ಸಿಗ್ನಲ್ ಕೊಡಲು ಸಾಧ್ಯವಾದದ್ದು ಖಾತೆ ತೆರೆದ ಸಮಯ ಮತ್ತು ಕೊನೆಯ ಸಲ ಸಂಪರ್ಕವಾದ ಸಮಯ, ಇವೆರಡೇ. ಅದರ ಬಳಿ ಇದ್ದದ್ದೇ ಅಷ್ಟು.

ಸಿಗ್ನಲ್ ಒಳಗೂ ಒಂದು ಸೆಟ್ಟಿಂಗ್ ಬದಲಿಸಿ. ನೋಟಿಫಿಕೇಶನ್ಸ್‌ನಲ್ಲಿ 'ಶೋ' ಎಂದಿರುವ ಕಡೆ ಹೆಸರೂ ಬೇಡ, ಮೆಸೇಜೂ ಬೇಡ ಎನ್ನುವ ಆಯ್ಕೆ ಇದೆ. ಸಿಗ್ನಲ್ ಎಷ್ಟೇ ಗಟ್ಟಿಯಾಗಿ ಬೀಗ ಹಾಕಿದರೂ, ಮಾತು ಸೂಚನೆಯಾಗಿ ಪರದೆಗೆ ಬಂದ ಮೇಲೆ ಅದು ಸಿಗ್ನಲ್ ಕೈಯಲ್ಲಿ ಇರುವುದಿಲ್ಲ, ಫೋನಿನ ವ್ಯವಸ್ಥೆಯ ಕೈಗೆ ಹೋಗಿರುತ್ತದೆ. ಫೋನು ಜಪ್ತಿಯಾದರೆ ಅಲ್ಲಿಂದ ತೆಗೆಯುವ ಪ್ರಯತ್ನ ನಡೆಯುತ್ತದೆ. ಮಾತು ಪರದೆಗೇ ಬರದಿದ್ದರೆ ತೆಗೆಯಲು ಏನೂ ಇರುವುದಿಲ್ಲ.

ವಾಟ್ಸ್‌ಆ್ಯಪ್‌ನ ಮೆಸೇಜ್‌ಗಳೂ ಎರಡು ತುದಿಗಳ ನಡುವೆ ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದರೆ ಕಳಿಸಿದವರು ಮತ್ತು ಪಡೆದವರು ಬಿಟ್ಟು ನಡುವಿನವರು ಓದಲಾಗದು. ಮಾತಿನ ಬಗ್ಗೆ ಹೆಚ್ಚು ಹೆದರಬೇಕಿಲ್ಲ. ಆದರೆ ಯಾರು ಯಾರ ಜೊತೆ ಸಂಪರ್ಕದಲ್ಲಿದ್ದಾರೆ, ಯಾವ ಗುಂಪಿನಲ್ಲಿದ್ದಾರೆ ಎನ್ನುವ ಬಗ್ಗೆ ವಾಟ್ಸ್‌ಆ್ಯಪ್ ನಡೆಸುವ ಮೆಟಾ ಕಂಪನಿಯ ಬಳಿ ಸಿಗ್ನಲ್‌ಗಿಂತ ಬಹಳ ಜಾಸ್ತಿ ಮಾಹಿತಿ ಇರುತ್ತದೆ. ಮನೆಯವರ ಗುಂಪು, ಶಾಲೆಯ ಗುಂಪು, ಊರ ಹಬ್ಬದ ಗುಂಪು ಇದರಲ್ಲೇ ಇರಲಿ. ಅಪಾಯದ ಮಾತು ಇದರಲ್ಲಿ ಬೇಡ.

ಟೆಲಿಗ್ರಾಂ ಅನ್ನು ಗುಟ್ಟಿನ ಆ್ಯಪ್ ಎಂದು ನಂಬಿದವರು ಬಹಳ. ಅದರ ಸಾಮಾನ್ಯ ಚಾಟ್ ಎರಡು ತುದಿಗಳ ನಡುವೆ ಎನ್‌ಕ್ರಿಪ್ಟ್ ಆಗಿರುವುದಿಲ್ಲ. ಸೀಕ್ರೆಟ್ ಚಾಟ್ ಎಂದು ನಾವೇ ಬೇರೆ ತೆರೆದರೆ ಮಾತ್ರ ಆಗುತ್ತದೆ. ಗುಂಪುಗಳಿಗೆ ಆ ಅನುಕೂಲವೂ ಇಲ್ಲ. 2024ರ ಆಗಸ್ಟ್‌ನಲ್ಲಿ ಅದರ ಮುಖ್ಯಸ್ಥ ಪಾವೆಲ್ ದುರೋವ್ ಫ್ರಾನ್ಸಿನಲ್ಲಿ ಬಂಧನಕ್ಕೊಳಗಾದರು. ಮರುತಿಂಗಳು ಟೆಲಿಗ್ರಾಂ ತನ್ನ ನಿಯಮ ಬದಲಿಸಿ, ಕಾನೂನುಬದ್ಧ ಕೋರಿಕೆ ಬಂದರೆ ನಿಯಮ ಮುರಿದವರ ಫೋನ್ ನಂಬರ್ ಮತ್ತು ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಕೊಡುವುದಾಗಿ ಹೇಳಿತು. ಸರ್ವರ್‌ನಲ್ಲೇ ಎಲ್ಲ ಇರುವಾಗ ನೋಟಿಫಿಕೇಶನ್ ದಾರಿ ಹಿಡಿಯುವ ಅಗತ್ಯವೇ ಇಲ್ಲ. ಜಿಮೇಲ್‌ಗೂ ಇದೇ ಮಾತು. ಮೇಲ್ ಇರುವುದೇ ಗೂಗಲ್ ಬಳಿ. ಅದರ ಸೂಚನೆ ಮುಚ್ಚಿಟ್ಟು ಹೆಚ್ಚು ಲಾಭವಿಲ್ಲ.

ಐಫೋನೋ, ಆಂಡ್ರಾಯ್ಡೋ?

ಬೇರೆ ವಿಷಯಗಳಲ್ಲಿ ಐಫೋನ್ ಸುರಕ್ಷಿತ ಎನ್ನುವ ಮಾತಿದೆ, ಅದರಲ್ಲಿ ಸತ್ಯವೂ ಇದೆ. ನೋಟಿಫಿಕೇಶನ್ ವಿಷಯದಲ್ಲಿ ಮಾತ್ರ ಐಫೋನಿನಲ್ಲಿ ಆಯ್ಕೆಯೇ ಇಲ್ಲ. ಆ್ಯಪ್ ಮುಚ್ಚಿರುವಾಗ ಹೊರಗಿನಿಂದ ಸೂಚನೆ ಬರಬೇಕಾದರೆ ಆ್ಯಪಲ್ ಸರ್ವರ್ ಮೂಲಕವೇ ಬರಬೇಕು. ಬೇರೆ ದಾರಿಗೆ ಆ್ಯಪಲ್ ಬಿಡುವುದಿಲ್ಲ. ಅದರ ಪರವಾಗಿ ಹೇಳಬೇಕಾದ ಒಂದು ಮಾತೂ ಇದೆ. 2023ರ ನಂತರ ಯಾವ ದೇಶದಿಂದ ಎಷ್ಟು ಪುಶ್ ಟೋಕನ್ ಕೋರಿಕೆ ಬಂತು ಎನ್ನುವುದನ್ನು ಆ್ಯಪಲ್ ತನ್ನ ವರದಿಯಲ್ಲಿ ಪ್ರತ್ಯೇಕವಾಗಿ ತೋರಿಸುತ್ತಿದೆ.

ಆಂಡ್ರಾಯ್ಡ್ ಕೊಂಡ ದಿನ ಸ್ಥಿತಿ ಇದಕ್ಕಿಂತ ಒಳ್ಳೆಯದೇನಲ್ಲ. ಆದರೆ ಬದಲಿಸಲು ಅವಕಾಶ ಇದೆ. ಅವಕಾಶ ಬಳಸುವ ಮನಸ್ಸಿದ್ದರೆ ಆಂಡ್ರಾಯ್ಡ್, ಇಲ್ಲದಿದ್ದರೆ ಈ ಒಂದು ಕಾರಣಕ್ಕೆ ಫೋನು ಬದಲಿಸಬೇಡಿ.

ಗೂಗಲ್ ಬಿಟ್ಟು ಬೇರೆ ದಾರಿ

ಯುನಿಫೈಡ್‌ಪುಶ್ ಎಂಬ ಮುಕ್ತ ವ್ಯವಸ್ಥೆ ಇದೆ. ಇದರಲ್ಲಿ ನಡುವಿನ ಸರ್ವರ್ ಯಾವುದು ಎನ್ನುವುದನ್ನು ನೀವೇ ಆರಿಸಬಹುದು. 'ಎನ್‌ಟಿಎಫ್‌ವೈ' ಎನ್ನುವ ಆ್ಯಪ್ ಹಾಕಿಕೊಂಡರೆ ಅದರ ಸರ್ವರ್ ಮೂಲಕ ಸೂಚನೆ ಬರುತ್ತದೆ. ಬೇಕಾದರೆ ನಿಮ್ಮದೇ ಸರ್ವರ್ ಕೂಡ ಇಟ್ಟುಕೊಳ್ಳಬಹುದು. ಎಲಿಮೆಂಟ್, ಫ್ಲಫಿಚಾಟ್ ಎಂಬ ಮೆಸೇಜಿಂಗ್ ಆ್ಯಪ್‌ಗಳು, ಟಸ್ಕಿ ಎಂಬ ಸಾಮಾಜಿಕ ಜಾಲತಾಣದ ಆ್ಯಪ್, ಸಿಗ್ನಲ್‌ನ ಬದಲಿ ರೂಪವಾದ ಮಾಲಿ, ಇವೆಲ್ಲ ಇದನ್ನು ಒಪ್ಪುತ್ತವೆ. ವಾಟ್ಸ್‌ಆ್ಯಪ್, ಬ್ಯಾಂಕ್ ಆ್ಯಪ್‌ಗಳು ಒಪ್ಪುವುದಿಲ್ಲ.

ನಮ್ಮಲ್ಲಿ ಇದಕ್ಕೆ ಒಂದು ತೊಡಕಿದೆ. ಶಿಯೋಮಿ, ವಿವೊ, ಒಪ್ಪೊ, ರಿಯಲ್‌ಮಿ ಫೋನುಗಳು ಬ್ಯಾಟರಿ ಉಳಿಸಲು ಹಿಂದೆ ಓಡುವ ಆ್ಯಪ್‌ಗಳನ್ನು ಬೇಗ ಮುಚ್ಚಿಬಿಡುತ್ತವೆ. ಎನ್‌ಟಿಎಫ್‌ವೈ ಮುಚ್ಚಿದರೆ ಸೂಚನೆಯೂ ನಿಂತಿತು. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ 'ಅನ್‌ರಿಸ್ಟ್ರಿಕ್ಟೆಡ್' ಕೊಟ್ಟು, ಆಟೊಸ್ಟಾರ್ಟ್ ಕೂಡ ಆನ್ ಮಾಡಬೇಕು. ಇದನ್ನು ಮಾಡದೆ 'ಇದು ಕೆಲಸ ಮಾಡಲ್ಲ' ಎಂದು ಬಿಟ್ಟವರು ಎಷ್ಟೋ ಜನ.

ಇನ್ನೂ ಮುಂದೆ ಹೋಗುವವರಿಗೆ ಗ್ರಾಫೀನ್ ಓಎಸ್ ಇದೆ. ಪಿಕ್ಸೆಲ್ ಫೋನುಗಳಲ್ಲಿ ಹಾಕಿಕೊಳ್ಳಬಹುದಾದ, ಗೂಗಲ್ ಸೇವೆಗಳಿಲ್ಲದ ಆಂಡ್ರಾಯ್ಡ್ ಇದು. ಗೂಗಲ್ ಪ್ಲೇ ಹಾಕದೇ ಇದ್ದರೆ ಗೂಗಲ್‌ನ ಪುಶ್ ದಾರಿಯೇ ಇರುವುದಿಲ್ಲ. ಆಗ ಸಿಗ್ನಲ್ ತನ್ನ ಸರ್ವರ್ ಜೊತೆ ತಾನೇ ಸಂಪರ್ಕ ಇಟ್ಟುಕೊಳ್ಳುತ್ತದೆ. ಬ್ಯಾಟರಿ ಸ್ವಲ್ಪ ಜಾಸ್ತಿ ಹೋಗುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಮೈಕ್ರೋಜಿ ಎನ್ನುವ ಬದಲಿ ಸೇವೆ ಇರುವ ಫೋನುಗಳೂ ಇವೆ. ಹೆಸರು 'ಗೂಗಲ್ ಇಲ್ಲದ ಫೋನು' ಎಂದಿದ್ದರೂ, ಮೈಕ್ರೋಜಿಯಲ್ಲಿ ಪುಶ್ ಆನ್ ಮಾಡಿದರೆ ಅದು ಗೂಗಲ್ ಸರ್ವರ್‌ಗೇ ಹೋಗುತ್ತದೆ.

ಈ ದಾರಿಯ ಬೆಲೆ ದೊಡ್ಡದು. ಕೆಲವು ಬ್ಯಾಂಕ್ ಆ್ಯಪ್‌ಗಳು ಇಂಥ ಫೋನಿನಲ್ಲಿ ತೆರೆಯುವುದೇ ಇಲ್ಲ. ಬೀದಿ ಬದಿಯ ತರಕಾರಿಗೂ ಯುಪಿಐ ಬೇಕಾದ ಕಾಲದಲ್ಲಿ ಅದು ಸಣ್ಣ ತೊಂದರೆ ಅಲ್ಲ. ಹಾಗಾಗಿ ಇದನ್ನು ಎಲ್ಲರಿಗೂ ಹೇಳಲಾರೆ. ತನಿಖಾ ವರದಿ ಮಾಡುವ ಪತ್ರಕರ್ತರು, ಅವರಿಗೆ ಮಾಹಿತಿ ಕೊಡುವವರು, ಸೂಕ್ಷ್ಮ ಪ್ರಕರಣ ನಡೆಸುವ ವಕೀಲರು, ಇವರಿಗೆ ಎರಡನೇ ಫೋನಾಗಿ ಇದು ಒಳ್ಳೆಯದು. ಬ್ಯಾಂಕು, ಮನೆ, ಆಫೀಸು ಮೊದಲ ಫೋನಿನಲ್ಲಿ ಇರಲಿ. ಎರಡನೆಯದರಲ್ಲಿ ಗೂಗಲ್ ಖಾತೆಯೇ ಬೇಡ.

ಹಾಗಾದರೆ ಯಾರು ಯಾವುದನ್ನು ಆರಿಸಬೇಕು

ಮನೆಯವರು, ಸಹೋದ್ಯೋಗಿಗಳು ನೋಡದಿದ್ದರೆ ಸಾಕು ಎನ್ನುವವರು ಪ್ರಿವ್ಯೂ ಮುಚ್ಚಿ, ನೋಟಿಫಿಕೇಶನ್ ಆ್ಯಕ್ಸೆಸ್ ಪಟ್ಟಿ ಶುಚಿ ಮಾಡಿ, ಅಲ್ಲಿಗೆ ಬಿಡಿ. ಸಂಘಟನೆ, ಹೋರಾಟ, ಆರ್‌ಟಿಐ ಅರ್ಜಿ ಕೆಲಸದಲ್ಲಿರುವವರು ಆ ಮಾತುಕತೆಯನ್ನು ಸಿಗ್ನಲ್‌ಗೆ ತನ್ನಿ. ಸೂಚನೆಯಲ್ಲಿ ಹೆಸರು, ಮೆಸೇಜ್ ಎರಡನ್ನೂ ಮುಚ್ಚಿ. ಕಾಯಿಲೆ, ಸಾಲ, ಸಂಬಂಧ, ಧರ್ಮ, ರಾಜಕೀಯ, ಇವನ್ನು ಹೆಸರಿನಿಂದಲೇ ಬಯಲು ಮಾಡುವ ಆ್ಯಪ್‌ಗಳಿದ್ದರೆ ತೆಗೆದು ಬ್ರೌಸರ್‌ನಲ್ಲಿ ಬಳಸಿ. ಏಕೆಂದರೆ ಅಂಥ ಆ್ಯಪ್ ನಿಮ್ಮ ಫೋನಿನಲ್ಲಿದೆ ಎನ್ನುವ ದಾಖಲೆಯೇ ಒಂದು ಮಾಹಿತಿ. ಇಷ್ಟು ಮಾಡಿದರೆ ಹೆಚ್ಚಿನವರಿಗೆ ಸಾಕು ಎನ್ನುವುದು ನನ್ನ ಅಭಿಪ್ರಾಯ. ಯುನಿಫೈಡ್‌ಪುಶ್ ಮತ್ತು ಗ್ರಾಫೀನ್ ಓಎಸ್, ಗುರುತು ಬಯಲಾದರೆ ಕೆಲಸ ಅಥವಾ ಜೀವಕ್ಕೇ ಕುತ್ತು ಬರುವವರಿಗೆ.

ಒಂದು ಅಪಾಯಕ್ಕೆ ಮಾತ್ರ ಇವು ಯಾವುವೂ ಮದ್ದಲ್ಲ. ಪೆಗಾಸಸ್‌ನಂಥ ಬೇಹುಗಾರಿಕೆ ತಂತ್ರಾಂಶ ಫೋನಿನೊಳಗೇ ಬಂದು ಕೂತರೆ ನೋಟಿಫಿಕೇಶನ್ ಯಾವ ದಾರಿಯಲ್ಲಿ ಬಂತು ಎನ್ನುವುದರಿಂದ ಏನೂ ಆಗದು. 2023ರ ಅಕ್ಟೋಬರ್ 31ರಂದು ದೇಶದ ಹಲವು ವಿರೋಧ ಪಕ್ಷದ ನಾಯಕರಿಗೆ, ಪತ್ರಕರ್ತರಿಗೆ 'ಸರ್ಕಾರಿ ಬೆಂಬಲದ ದಾಳಿಕೋರರು ನಿಮ್ಮ ಐಫೋನಿನ ಮೇಲೆ ಕಣ್ಣಿಟ್ಟಿರಬಹುದು' ಎಂದು ಆ್ಯಪಲ್ ಎಚ್ಚರಿಸಿದ್ದು ನೆನಪಿರಬಹುದು. ಯಾವ ಸರ್ಕಾರ ಎಂದು ಆ್ಯಪಲ್ ಹೇಳಲಿಲ್ಲ. ಅಂಥ ಸೂಚನೆ ಬಂದರೆ ಐಫೋನಿನಲ್ಲಿ ಲಾಕ್‌ಡೌನ್ ಮೋಡ್ (ದಾಳಿಗೆ ದಾರಿಯಾಗಬಲ್ಲ ಸೌಲಭ್ಯಗಳನ್ನು ಮುಚ್ಚುವ ಸೆಟ್ಟಿಂಗ್) ಆನ್ ಮಾಡಿ, ಫೋನನ್ನು ಅಪ್‌ಡೇಟ್ ಮಾಡಿ, ತಿಳಿದವರ ಬಳಿ ಪರೀಕ್ಷೆ ಮಾಡಿಸಬೇಕು.

ಇಷ್ಟೆಲ್ಲ ನಿಮ್ಮ ಫೋನಿನ ಮಾತಾಯಿತು. ಗುಂಪಿನಲ್ಲಿ ನಿಮ್ಮನ್ನು ಬಿಟ್ಟು 40 ಜನ ಇದ್ದರೆ ನೀವು ಕಳಿಸಿದ ಮಾತು 40 ಫೋನುಗಳ ಲಾಕ್ ಸ್ಕ್ರೀನಿನಲ್ಲಿ ಕಾಣುತ್ತದೆ, 40 ಹಿಸ್ಟರಿಗಳಲ್ಲಿ ಉಳಿಯಬಹುದು. ಅದರಲ್ಲಿ ಒಂದು ಫೋನು ಜಪ್ತಿಯಾದರೂ ಸಾಕು. ಹಾಗಾಗಿ ಗುಂಪು ಕಟ್ಟುವವರು ಮೊದಲ ದಿನವೇ ಎಲ್ಲರ ಫೋನು ತೆಗೆಸಿ, ಮೂರು ಸೆಟ್ಟಿಂಗ್‌ಗಳನ್ನು ಎದುರಿಗೇ ಮಾಡಿಸಿ: ಸಿಗ್ನಲ್ ಸೂಚನೆಯಲ್ಲಿ ಹೆಸರು, ಮೆಸೇಜ್ ಬಂದ್. ನೋಟಿಫಿಕೇಶನ್ ಹಿಸ್ಟರಿ ಬಂದ್. ವಾಚ್ ಆ್ಯಪ್‌ಗೆ ಕೊಟ್ಟ ನೋಟಿಫಿಕೇಶನ್ ಆ್ಯಕ್ಸೆಸ್ ವಾಪಸ್. ಐದು ನಿಮಿಷದ ಕೆಲಸ. ಹಿರಿಯರಿದ್ದರೆ ಅವರ ಫೋನು ನೀವೇ ತೆಗೆದುಕೊಂಡು ಮಾಡಿಕೊಡಿ, ಏನು ಮಾಡಿದಿರಿ ಎಂದು ಅವರಿಗೆ ಹೇಳಿ.